ವಯಸ್ಸಾದವರು ಕೆಲಸ ಬಿಡದಿರುವುದು ನಿಷ್ಠೆಯಿಂದಲಾ?

ನಿಮ್ಮ ಫ್ಯಾಕ್ಟರಿಯಲ್ಲಿ ಹುಡುಗರು ಎರಡು ಸಾವಿರ ಜಾಸ್ತಿ ಸಿಕ್ಕರೆ ಹೊರಟುಬಿಡುತ್ತಾರೆ, ಐವತ್ತು ದಾಟಿದವರು ಅದೇ ಸಂಬಳಕ್ಕೆ ಇರುತ್ತಾರೆ, ಇದು ನಿಷ್ಠೆಯಾ ಅಂತ ಕೇಳಿದ್ದೀರಿ. ನನಗೀಗ 53. ಬಳ್ಳಾರಿ ಹತ್ತಿರ, ಅದಿರಿನಿಂದ ಕಬ್ಬಿಣ ತೆಗೆಯುವ ಒಂದು ಸ್ಪಾಂಜ್ ಐರನ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಇನ್‌ಚಾರ್ಜ್.

ಗಣಿ ಜೋರಾಗಿದ್ದಾಗ ನಾನೂ ಆರು ವರ್ಷದಲ್ಲಿ ನಾಲ್ಕು ಕಡೆ ಕೆಲಸ ಬದಲಿಸಿದವನು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅದಿರಿಲ್ಲದೆ ನಮ್ಮ ಕಿಲ್ನ್, ಅಂದರೆ ಅದಿರು ಕಾಯಿಸುವ ಕುಲುಮೆ, ಆರಿತು. ಮಾಲೀಕರು ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಅರ್ಧ ಸಂಬಳ ಕೊಡುತ್ತೇನೆ, ಪಿಎಫ್ ನಿಲ್ಲಿಸಲ್ಲ ಅಂದರು. ಹಾಗೇ ನಡೆದುಕೊಂಡರು. ಆಮೇಲೆ ಬೇರೆ ಕಡೆಯಿಂದ ಕರೆ ಬಂದರೂ ನನಗೆ ಹೋಗುವ ಮನಸ್ಸಾಗಲಿಲ್ಲ.

ಆದರೆ ಎಲ್ಲವನ್ನೂ ನಿಷ್ಠೆ ಅನ್ನಬೇಡಿ. ಈ ವಯಸ್ಸಿಗೆ ಹೊಸ ಕೆಲಸ ಸಿಗುವುದೇ ಕಷ್ಟ. ಪಿಎಫ್ ಪಿಂಚಣಿ ಪೂರ್ತಿ ಬರುವುದು 58ಕ್ಕೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ವರ್ಷಕ್ಕೆ 15 ದಿನದ ಸಂಬಳ, ಅದೂ ಕೊನೆಯ ಸಂಬಳದ ಲೆಕ್ಕದಲ್ಲಿ. ಹೊಸ ಕಡೆ ಹೋದರೆ ಗ್ರಾಚ್ಯುಟಿಗೆ ವರ್ಷಗಳ ಎಣಿಕೆ ಮತ್ತೆ ಒಂದರಿಂದ. ಮಗಳ ಮದುವೆ ಎದುರಿಗಿರುವವನು ಇದನ್ನೆಲ್ಲ ಕೂಡಿಸಿ ನೋಡಲೇಬೇಕಲ್ವಾ?

ನಮ್ಮಲ್ಲಿ 19 ವರ್ಷದ ಸರ್ವಿಸ್ ಇರುವ ಫಿಟ್ಟರ್ ಒಬ್ಬರಿದ್ದಾರೆ. ಕನ್ವೇಯರ್ ಪಕ್ಕ ಹಾದುಹೋಗುವಾಗ ಸುಮ್ನೆ ನಿಂತು, ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಸದ್ದು ಕೇಳುತ್ತಿದ್ದರು. "ಇದು ಇನ್ನೊಂದು ವಾರ ಬರಂಗಿಲ್ರೀ" ಅಂದರೆ ಬರುತ್ತಿರಲಿಲ್ಲ. ಒಮ್ಮೆ ಹೊಸ ಮ್ಯಾನೇಜರ್ ಅವರನ್ನು ಕೇಳದೆಯೇ ರಾತ್ರಿ ಪಾಳಿಗೆ ಹಾಕಿದರು. ಮಂಡಿನೋವಿನ ಮನುಷ್ಯ. ಜಗಳವಾಡಲಿಲ್ಲ, ಕೆಲಸ ಬಿಡಲಿಲ್ಲ, ಒಂದು ದಿನವೂ ತಡವಾಗಿ ಬರಲಿಲ್ಲ. ಆದರೆ ಸ್ಕ್ರೂಡ್ರೈವರ್ ಜೇಬಿನಲ್ಲೇ ಉಳಿಯಿತು. ಹೇಳಿದಷ್ಟೇ ಕೆಲಸ. ಬೇರಿಂಗ್ ಜಾಮ್ ಆಗಿ ಬೆಲ್ಟ್ ನಿಂತ ರಾತ್ರಿ ಕೇಳಿದೆ, "ನಿಮಗ ಮೊದಲೇ ಗೊತ್ತಾಗ್ಲಿಲ್ಲೇನ್ರೀ?"

"ಗೊತ್ತಿತ್ರೀ. ಪಾಳಿ ಬದಲಿ ಮಾಡುವಾಗ ನನ್ನನ್ನ ಒಂದ್ ಮಾತು ಕೇಳಿದ್ರೇನು?"

ನನಗೆ ಉತ್ತರ ಹೊಳೆಯಲಿಲ್ಲ.

ಹುಡುಗರು ಬೇಸರವಾದರೆ ಬಿಟ್ಟು ಹೋಗುತ್ತಾರೆ, ನಿಮಗೆ ಕಾಣುತ್ತದೆ. ನಮ್ಮಂಥವರು ಮನಸ್ಸು ಮುರಿದರೂ ಹಾಜರಿ ಹಾಕುತ್ತೇವೆ. ಈ ವಯಸ್ಸಿಗೆ ಪ್ರಮೋಷನ್ ಆಸೆ ಅಷ್ಟಿರಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಇಷ್ಟು ವರ್ಷದ ಅನುಭವಕ್ಕೆ ಬೆಲೆ ಕೊಡಬೇಕು, ಅಷ್ಟೇ. ಮುಂದಿನ ತಿಂಗಳ ಪಾಳಿ ಪಟ್ಟಿ ಗೋಡೆಗೆ ಅಂಟಿಸುವ ಮುಂಚೆ ನಿಮ್ಮ ಹಿರಿಯರನ್ನು ಒಮ್ಮೆ ಕೂರಿಸಿಕೊಂಡು ಕೇಳಿ.