ಮದುವೆ, ಮಕ್ಕಳು, ಹಳೆಯ ಸಂಬಳ: ಸಂದರ್ಶನದಲ್ಲಿ ಕೇಳಬಹುದೇ?

ಪ್ರಶ್ನೆ: ನಮ್ಮದು ಹದಿನೈದು ಜನರ ಸಂಸ್ಥೆ. ಈಗ ಖಾಲಿ ಇರುವ ಕೆಲಸಕ್ಕೆ ವಾರದಲ್ಲಿ ಎರಡು ರಾತ್ರಿ ಪಾಳಿ ಇದೆ. ಬಂದವರಿಗೆ ಮದುವೆಯಾಗಿದೆಯೇ, ಚಿಕ್ಕ ಮಕ್ಕಳಿದ್ದಾರೆಯೇ ಎಂದು ಮೊದಲೇ ಕೇಳಿಕೊಂಡರೆ ತಪ್ಪೇನು? ಆಮೇಲೆ ರಗಳೆ ಬೇಡವಲ್ಲ.

ಉತ್ತರ: ನಿಮಗೆ ತಿಳಿಯಬೇಕಿರುವುದು ರಾತ್ರಿ ಪಾಳಿಗೆ ಬರುತ್ತಾರೋ ಇಲ್ಲವೋ ಎಂಬುದು. ಅದನ್ನೇ ಕೇಳಿ. ಮಕ್ಕಳಿರುವವರೂ ಬರುತ್ತಾರೆ, ಇಲ್ಲದವರೂ ಒಲ್ಲೆ ಎನ್ನುತ್ತಾರೆ. “ವಾರಕ್ಕೆ ಎರಡು ದಿನ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಕೆಲಸ. ನಿಮಗೆ ಆಗುತ್ತದೆಯೇ?” ಇಷ್ಟು ಸಾಕು. ಆದರೆ ಬಂದವರಿಗೆಲ್ಲ ಕೇಳಿ. ಹೆಂಗಸರಿಗೆ ಮಾತ್ರ ಕೇಳಿದರೆ ಈ ಪ್ರಶ್ನೆಯೂ ತಾರತಮ್ಯವೇ.

ಆರೋಗ್ಯದ ವಿಷಯವೂ ಹೀಗೆಯೇ. “ಬೆನ್ನುನೋವು ಇದೆಯಾ?” ಬೇಡ. “20 ಕಿಲೋ ಪೆಟ್ಟಿಗೆಗಳನ್ನು ಎತ್ತಿಡಬೇಕು, ಮಾಡಬಲ್ಲಿರಾ?” ಎನ್ನಿ. ಅಮೆರಿಕದ 1990ರ ಅಂಗವಿಕಲರ ಹಕ್ಕಿನ ಕಾನೂನು ಮತ್ತು ಬ್ರಿಟನ್ನಿನ 2010ರ ಸಮಾನತಾ ಕಾನೂನು, ಎರಡರಲ್ಲೂ ಕೆಲಸ ಕೊಡುತ್ತೇವೆಂದು ಹೇಳುವ ಮೊದಲು ಕಾಯಿಲೆಯ ಬಗ್ಗೆ ಕೇಳುವಂತಿಲ್ಲ ಎಂಬುದೇ ಸಾಮಾನ್ಯ ನಿಯಮ.

ಸಂದರ್ಶನಕ್ಕೆ ಮುಂಚೆ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಪ್ರತಿಯೊಂದರ ಪಕ್ಕ ಅದು ಕೆಲಸದ ಯಾವ ಭಾಗಕ್ಕೆ ಎಂದು ನಮೂದಿಸಿ. ಪಕ್ಕದ ಜಾಗ ಖಾಲಿ ಉಳಿದ ಪ್ರಶ್ನೆಯನ್ನು ಹೊಡೆದುಹಾಕಿ. ಹಳೆಯ ಅರ್ಜಿ ನಮೂನೆಯನ್ನೂ ತೆಗೆದು ನೋಡಿ: ಧರ್ಮ, ಜಾತಿ, ಗಂಡನ ಹೆಸರು ಎಂಬ ಕಾಲಂಗಳು ಯಾವ ಕಾಲದಿಂದಲೋ ಹಾಗೇ ಉಳಿದಿರುತ್ತವೆ.

ಇಷ್ಟೆಲ್ಲ ಮಾಡಿದವರೂ ಎಡವುವುದು ಚಹಾ ಕುಡಿಯುವಾಗಿನ ಹರಟೆಯಲ್ಲಿ. ಅಭ್ಯರ್ಥಿ ತಾನಾಗಿಯೇ ಮಗುವಿನ ಮಾತೆತ್ತಿದರೆ ಕೆದಕಬೇಡಿ, ಕೆಲಸದ ಮಾತಿಗೆ ಮರಳಿ. ಬರೆದುಕೊಳ್ಳಲೂ ಬೇಡಿ. ಬಯೋಡೇಟಾದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ ‘ಹೊಸದಾಗಿ ಮದುವೆ’ ಎಂಬ ಎರಡು ಪದ ಸಾಕು. ಬೇರೆ ಕಾರಣಕ್ಕೆ ಕೆಲಸ ಕೊಡಲಿಲ್ಲ ಎಂದು ಆಮೇಲೆ ನೀವು ಎಷ್ಟು ಹೇಳಿದರೂ ನಂಬುವವರಿಲ್ಲ.

ಪ್ರಶ್ನೆ: ನಾನು ಕೆಲಸದ ಸಂದರ್ಶನಕ್ಕೆ ಹೋಗಿದ್ದಾಗ “ಸದ್ಯಕ್ಕೆ ಮಗು ಮಾಡಿಕೊಳ್ಳುವ ಯೋಚನೆ ಇದೆಯಾ?” ಎಂದು ಕೇಳಿದರು. ತಬ್ಬಿಬ್ಬಾದೆ. ಏನು ಹೇಳಬೇಕಿತ್ತು?

ಉತ್ತರ: ಪ್ರಶ್ನೆಗಲ್ಲ, ಅದರ ಹಿಂದಿನ ಅಳುಕಿಗೆ ಉತ್ತರ ಕೊಡಿ: “ಕೆಲಸದ ವೇಳೆಯ ಬಗ್ಗೆ ಕೇಳುತ್ತಿದ್ದರೆ, ನೀವು ಹೇಳಿದ ಸಮಯ ನನಗೆ ಹೊಂದುತ್ತದೆ.” ಮತ್ತೆ ಒತ್ತಾಯಿಸಿದರೆ “ಇದು ಈ ಕೆಲಸಕ್ಕೆ ಹೇಗೆ ಸಂಬಂಧಿಸುತ್ತದೆ, ಹೇಳುತ್ತೀರಾ?” ಎಂದು ಸಮಾಧಾನದಿಂದಲೇ ಕೇಳಿ. ಕೆಲಸ ಬೇಕಾಗಿರುವಾಗ ಹೀಗೆ ಕೇಳುವುದು ಸುಲಭವಲ್ಲ, ನಿಜ. ಮನೆಗೆ ಬಂದ ಕೂಡಲೇ ಕೇಳಿದವರ ಹೆಸರು, ದಿನಾಂಕ, ಅವರಾಡಿದ ಮಾತನ್ನು ಇದ್ದಂತೆಯೇ ಬರೆದಿಡಿ. ವಾರ ಕಳೆದರೆ ಮಾತು ಮಸುಕಾಗುತ್ತದೆ. ಕೆಲವು ದೇಶಗಳಲ್ಲಿ ಹೀಗೆ ಕೇಳುವುದೇ ತಪ್ಪು, ಕೆಲವೆಡೆ ಆ ಉತ್ತರದ ಮೇಲೆ ಕೆಲಸ ನಿರಾಕರಿಸುವುದು ತಪ್ಪು. ಬಸುರಿ ಎಂಬ ಕಾರಣಕ್ಕೆ ಕೆಲಸ ನಿರಾಕರಿಸುವುದು ನೇರ ಲಿಂಗ ತಾರತಮ್ಯ ಎಂದು ಯುರೋಪಿನ ನ್ಯಾಯಾಲಯ 1990ರಲ್ಲೇ ತೀರ್ಪು ಕೊಟ್ಟಿದೆ.

ಪ್ರಶ್ನೆ: ಹಿಂದಿನ ಸಂಬಳ ಎಷ್ಟೆಂದು ಕೇಳಬಹುದಲ್ಲವೇ?

ಉತ್ತರ: ಬೇಡ. ಹಿಂದೆ ಕಡಿಮೆ ಕೊಟ್ಟವರ ಲೆಕ್ಕವನ್ನೇ ನೀವೂ ಮುಂದುವರಿಸಿದಂತಾಗುತ್ತದೆ. ಯುರೋಪಿಯನ್ ಒಕ್ಕೂಟದ 2023ರ ನಿರ್ದೇಶನ ಇದನ್ನು ಕೇಳುವಂತಿಲ್ಲ ಎನ್ನುತ್ತದೆ. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ನೀವೇ ಮೊದಲು ಹೇಳಿ, ಆಮೇಲೆ ಅವರ ನಿರೀಕ್ಷೆ ಕೇಳಿ.