ಮಾಸ್ಟ್ರೇ, ಹಾರುವ ಓತಿಯ ಕೈ ಎಲ್ಲಿ?

ಪ್ರಶ್ನೆ: ಮಾಸ್ಟ್ರೇ, ನಮ್ಮ ಅಡಿಕೆ ತೋಟದಲ್ಲಿ ಹಾರುವ ಓತಿಗಳಿವೆ. ಒಂದನ್ನು ಜಲವರ್ಣದಲ್ಲಿ ಬಿಡಿಸಿದೆ. ಹಾರುವಾಗ ಮುಂಗಾಲು ಮುಂದಕ್ಕೆ ಚಾಚಿದ ಹಾಗೆ ಬರೆದೆ. ಆದರೆ ಅಣ್ಣ ತೆಗೆದ ಫೋಟೋದಲ್ಲಿ ಮುಂಗಾಲೇ ಕಾಣುವುದಿಲ್ಲ! ಯಾವುದು ಸರಿ?
– ಪಿಯುಸಿ ವಿದ್ಯಾರ್ಥಿನಿ, ಹೆಬ್ರಿ

ಉತ್ತರ: ಅಣ್ಣನ ಫೋಟೋ ಸರಿ ಮಗಳೇ. ಮುಂಗಾಲು ಅಲ್ಲೇ ಇದೆ, ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಂಡಿದೆ.

ಇದರ ರೆಕ್ಕೆ ಅಂದರೆ ಚರ್ಮದ ಪೊರೆ. ಕೊಡೆಯ ಕಡ್ಡಿಗಳ ಹಾಗೆ ಅದನ್ನು ಅರಳಿಸುವುದು ಉದ್ದಕ್ಕೆ ಬೆಳೆದ ಪಕ್ಕೆಲುಬುಗಳು. ಹಕ್ಕಿಗೆ, ಬಾವಲಿಗೆ ಕೈಯೇ ರೆಕ್ಕೆ. ಓತಿಗೆ ಕೈ ಬೇರೆ, ರೆಕ್ಕೆ ಬೇರೆ. ಹಾಗಾದರೆ ಹಾರುವಾಗ ಕೈ ಏನು ಮಾಡುತ್ತದೆ? ಮ್ಯಾಕ್ಸಿಮಿಲಿಯನ್ ಡೇಲಿಂಗ್ ಎಂಬ ಜರ್ಮನ್ ವಿಜ್ಞಾನಿ ನಿಮ್ಮ ಘಾಟಿ ಹತ್ತಿದರೆ ಸಿಗುವ ಆಗುಂಬೆಯಲ್ಲೇ, ಪಾಳುಬಿದ್ದ ಒಂದು ಅಡಿಕೆ ತೋಟದಲ್ಲಿ ಇದನ್ನು ಗಮನಿಸಿದರು. 2017ರಲ್ಲಿ ಪ್ರಕಟಿಸಿದರು. ಓತಿ ಜಿಗಿಯುತ್ತದೆ, ಪೊರೆ ಅರಳುತ್ತದೆ, ಕೂಡಲೇ ಎರಡೂ ಕೈ ಹಿಂದಕ್ಕೆ ಬಂದು ಅದರ ಅಂಚನ್ನು ಹಿಡಿಯುತ್ತವೆ. ಇಳಿಯುವ ತನಕ ಬಿಡುವುದಿಲ್ಲ. ಮರ ಹತ್ತಿರ ಬಂದಾಗ ಬಿಟ್ಟು, ಅದೇ ಕೈಯಿಂದ ಕಾಂಡ ಹಿಡಿಯುತ್ತದೆ.

ಹಾಗಾಗಿ ಮಣಿಕಟ್ಟನ್ನು ಹೊರಕ್ಕೆ ಬಾಗಿಸಿ ಬರೆ. ಬೆರಳುಗಳು ಪೊರೆಯ ಅಂಚಿನ ಮೇಲೆ ಕೂರಲಿ. ಕೈಯೂ ಪೊರೆಯೂ ಸೇರಿ ಒಂದೇ ಗೆರೆ ಆಗಬೇಕು. ಬೆನ್ನು ಸ್ವಲ್ಪ ಬಿಲ್ಲಿನಂತೆ ಬಾಗಿರಲಿ. ಇನ್ನೊಂದು ವಿಷಯ. ಇದು ರೆಕ್ಕೆ ಬಡಿಯುವುದಿಲ್ಲ, ತೇಲಿ ಇಳಿಯುತ್ತದೆ ಅಷ್ಟೆ. ನಿನ್ನ ಚಿತ್ರದಲ್ಲಿ ಅದು ಹೊರಟ ಮರಕ್ಕಿಂತ ಮೇಲೆ ಹೋಗುತ್ತಿದೆ, ಅಲ್ವಾ? ಕೆಳಗೆ ಇಳಿಸು.

ಹಳದಿ ಗಂಟಲ ಚೀಲ ಬರೆಯುವ ಆಸೆ ಇದ್ದರೆ ಕಾಂಡದ ಮೇಲೆ ಕೂತ ಗಂಡನ್ನು ಆರಿಸಿಕೋ. ಹೆಣ್ಣಿನದ್ದು ಚಿಕ್ಕದು, ನೀಲಿ ಬೆರೆತ ಬೂದು ಬಣ್ಣ. ಬೆನ್ನಿಗೂ ಅಡಿಕೆ ಮರಕ್ಕೂ ಒಂದೇ ತಟ್ಟೆಯ ಬಣ್ಣ ಸಾಕು. ಓತಿ ಸರಿಯಾಗಿ ಕಾಣುತ್ತಿಲ್ಲ ಅಂತ ಮನೆಯವರು ಹೇಳಿದರೆ ಚಿತ್ರ ಚೆನ್ನಾಗಿ ಬಂದಿದೆ ಅಂತಲೇ ಅರ್ಥ.

ಪ್ರಶ್ನೆ: ಹುಲಿವೇಷಕ್ಕೆ ಬಣ್ಣ ಹಾಕುವವನು ನಾನು. ಎರಡೂ ಪಕ್ಕೆಗೆ ಒಂದೇ ಥರ ಪಟ್ಟೆ ಬರಬೇಕಾ?
– ಓದುಗ, ಮಂಗಳೂರು

ಉತ್ತರ: ಬೇಡ. ನಿಜವಾದ ಹುಲಿಗೂ ಎಡದ ಪಟ್ಟೆ ಬೇರೆ, ಬಲದ ಪಟ್ಟೆ ಬೇರೆ. ಒಂದು ಹುಲಿಯ ಪಟ್ಟೆ ಇನ್ನೊಂದು ಹುಲಿಗಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು ಹುಲಿ ಎಣಿಸಿದ್ದು ಇದೇ ಗುರುತಿನಿಂದ. ನೀವು ವೇಷಧಾರಿಯ ಮೈ ಕೂದಲು ತೆಗೆದು ಬಣ್ಣ ಹಾಕುತ್ತೀರಿ. ಹುಲಿಯ ಕೂದಲು ತೆಗೆದರೂ ಚರ್ಮದ ಮೇಲೆ ಪಟ್ಟೆ ಇರುತ್ತದೆ! ಸುಮ್ನೆ ಅಳತೆ ಹಿಡಿದು ಕೂರಬೇಡಿ.

ಪ್ರಶ್ನೆ: ಕಪ್ಪೆ ಬೊಂಡಾಸ (ಕಟಲ್‌ಫಿಶ್) ಸ್ವಚ್ಛ ಮಾಡುವಾಗ ಬರುವ ಮಸಿಯಲ್ಲಿ ಚಿತ್ರ ಬರೆಯಬಹುದಾ?
– ಗೃಹಿಣಿ, ಮಲ್ಪೆ

ಉತ್ತರ: ಧಾರಾಳವಾಗಿ. ಅಂಗಡಿಯಲ್ಲಿ ಸಿಗುವ ಸೆಪಿಯಾ ಕಂದು ಬಣ್ಣವನ್ನು ಮೊದಲು ಇದರಿಂದಲೇ ಮಾಡುತ್ತಿದ್ದರು. ಚೀಲ ಒಡೆಯದ ಹಾಗೆ ತೆಗೆದು, ಮಸಿಯನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ. ವಾಸನೆ ಜಾಸ್ತಿ, ಹಾಗಾಗಿ ಜಗಲಿಯಲ್ಲೇ ಕೂತು ಬರೆಯಿರಿ. ಮೊದಲ ಚಿತ್ರಕ್ಕೆ ಅದರ ಕಣ್ಣನ್ನೇ ಆರಿಸಿಕೊಳ್ಳಿ. ಕಣ್ಣಿನ ಪಾಪೆ ಇಂಗ್ಲಿಷಿನ ಡಬ್ಲ್ಯೂ ಆಕಾರ. ಕ್ಷಣದಲ್ಲಿ ಮೈಬಣ್ಣ ಬದಲಿಸುವ ಈ ಪ್ರಾಣಿಯ ಕಣ್ಣಲ್ಲಿ ಬೆಳಕು ಹಿಡಿಯುವ ಕೋಶ ಒಂದೇ ಬಗೆಯದು. ನಮ್ಮ ಹಾಗೆ ಬಣ್ಣ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಕಪ್ಪು ಬಿಳುಪಿನ ಚಿತ್ರ ಸಾಕು.