ಸೈಟು ಮಾರುವ ಮೊದಲು

ಗುರುತು ಸಿಗದಿರಲೆಂದು ಇವರನ್ನು ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ. ನಿವೃತ್ತರು, ಪಾರ್ಕಿನ್ಸನ್ ಶುರುವಾಗಿ ಆರು ವರ್ಷ. ಮಗಳು ಸಲಹೆಗೆಂದು ನನ್ನ ಬಳಿ ಕರೆತಂದಿದ್ದಳು. ಫಾರಂ ಮೇಲೆ ಸಹಿ ಹಾಕಿದರು: ಮೊದಲ ಅಕ್ಷರ ದುಂಡಗೆ, ಕೊನೆಯವು ಇರುವೆ ಹರಿದ ಹಾಗೆ.

ಜಗಳ ಸೈಟಿನದು. ನರಕೋಶ ಚಿಗುರಿಸುವ 'ಗ್ರೋತ್ ಫ್ಯಾಕ್ಟರ್' ಅನ್ನು ಕೈಗೆ ಡ್ರಿಪ್ ಹಾಕಿ ಕೊಡುತ್ತೇವೆಂದು ಒಂದು ಸೆಂಟರ್‌ನವರು ಲಕ್ಷಗಟ್ಟಲೆ ಕೇಳಿದ್ದರು. ಮಗಳು ಸೈಟು ಮಾರಲು ತಯಾರು, ಅಪ್ಪ ಒಲ್ಲರು. "ಇಂಗ್ಲೆಂಡಲ್ಲಿ ಇದರಿಂದ ಜನ ಎದ್ದು ಓಡಾಡಿದಾರೆ ಮೇಡಂ," ಅಂದಳು ಮಗಳು.

ಇಂಗ್ಲೆಂಡಿನ ಮಾತು ಪೂರ್ತಿ ಸುಳ್ಳಲ್ಲ. ಹಾಗಾಗಿ ಅದನ್ನೇ ಬಿಡಿಸಿ ಹೇಳಿದೆ. ಅಲ್ಲಿ ಬಳಸಿದ ಗ್ರೋತ್ ಫ್ಯಾಕ್ಟರ್ ಜಿಡಿಎನ್‌ಎಫ್ ಎಂಬ ಪ್ರೊಟೀನು, 1993ರಲ್ಲಿ ಪತ್ತೆಯಾದದ್ದು. ಮೈ ಸರಾಗವಾಗಿ ಆಡಲು ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ, ಈ ಕಾಯಿಲೆಯಲ್ಲಿ ಸಾಯುವ ಕೋಶಗಳಿಗೆ ಗೊಬ್ಬರವಿದ್ದಂತೆ, ಆದರೆ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಅದಕ್ಕೇ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು ಬುರುಡೆ ಕೊರೆದು ನಾಲ್ಕು ಸಣ್ಣ ನಳಿಕೆ ಇಳಿಸಿ, ಕಿವಿಯ ಹಿಂದೆ ಔಷಧ ಹೋಗಲು ಪೋರ್ಟ್ ಕೂರಿಸಿ, ನಾಲ್ಕು ವಾರಕ್ಕೊಮ್ಮೆ ಅದನ್ನು ಹರಿಸಿದರು.

"ಕೈಗೆ ಹಾಕಿದ್ದು ತಲೆಗೆ ಹೋಗೋ ಹಾಗಿದ್ರೆ ಅವರ್ಯಾಕಮ್ಮ ಬುರುಡೆ ಕೊರೀತಿದ್ರು?" ಅಂದರು ಮೇಷ್ಟ್ರು. ನನ್ನ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಉಳಿದದ್ದನ್ನೂ ಮುಚ್ಚಿಡಲಿಲ್ಲ. 2019ರಲ್ಲಿ ಪ್ರಕಟವಾದ ಆ ಪ್ರಯೋಗದ ಮುಖ್ಯ ಹಂತದಲ್ಲಿ 35 ಮಂದಿ. ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಬರೀ ದ್ರವ. ಒಂಬತ್ತು ತಿಂಗಳ ನಂತರ, ಔಷಧ ಪಡೆದವರ ಸ್ಕ್ಯಾನ್ ಚೆನ್ನಾಗಿತ್ತು. ಚಲನೆಯ ಅಂಕಗಳಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಬರೀ ದ್ರವ ಹೋದವರೂ ಸುಧಾರಿಸಿದ್ದರು. ಈ ಕಾಯಿಲೆಯಲ್ಲಿ ಭರವಸೆಯೂ ಮಿದುಳಲ್ಲಿ ಡೋಪಮೈನ್ ಹೊರಡಿಸುತ್ತದೆ. ಅದನ್ನೇ ಮಾರುವವರೂ ಇದ್ದಾರೆ.

ಮಗಳು ಬಹಳ ಹೊತ್ತು ಸುಮ್ಮನಿದ್ದಳು. "ಏನೂ ಮಾಡದೆ ಕೂತಿದ್ದೆ ಅಂತ ನಾಳೆ ಅನ್ನಿಸಬಾರದು ಮೇಡಂ." ನಿಜವಾದ ತೊಂದರೆ ಇದು. ಸೈಟು ಬರೀ ನೆಪ.

ಸೈಟು ಮಾರಬೇಡಿ ಎಂದೆ. ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಸೇರುವುದಾದರೆ ದೇಶದ ವೈದ್ಯಕೀಯ ಪ್ರಯೋಗಗಳ ಸರ್ಕಾರಿ ಪಟ್ಟಿಯಾದ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ, ಅವರು ದುಡ್ಡು ಕೇಳಿದರೆ ಎದ್ದು ಬನ್ನಿ ಎಂದೆ. ಆಮೇಲೆ ಅವಳಿಗೊಂದು ಕೆಲಸ ಕೊಟ್ಟೆ: ಮಾತ್ರೆ ಎಷ್ಟು ಗಂಟೆಗೆ, ಊಟ ಎಷ್ಟು ಗಂಟೆಗೆ, ಮೈ ಬಿಗಿಯುವುದು ಎಷ್ಟು ಗಂಟೆಗೆ, ಬರೆದಿಡಬೇಕು. ಮಿದುಳಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆಯನ್ನು ಮೇಷ್ಟ್ರು ಬೇಳೆಹುಳಿ, ಮೊಸರಿನ ಜೊತೆಗೇ ನುಂಗುತ್ತಿದ್ದರು; ಪ್ರೊಟೀನು ಅದಕ್ಕೆ ಅಡ್ಡಿ. ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬಹುದೇ ಎಂದು ನ್ಯೂರಾಲಜಿಸ್ಟ್ ಬಳಿ ಕೇಳಲು ಕಳಿಸಿದೆ. ಅವರು ಆಗಲಿ ಎಂದರಂತೆ.

ಮೂರನೇ ಭೇಟಿಗೆ ಬಂದದ್ದು ನಾಲ್ಕು ಗೆರೆಯ ಕಾಪಿ ಪುಸ್ತಕ. '12.30, ಮಾತ್ರೆ. 1.00, ಊಟ.' ಬರೆದದ್ದು ಮೇಷ್ಟ್ರೇ. ಆರನೇ ಪುಟದವರೆಗೆ ಅಕ್ಷರಗಳು ಗೆರೆ ಮುಟ್ಟಿದ್ದವು. ಆಮೇಲಿನವು ಮಗಳ ಕೈಬರಹ.